ಹಳೇ ಸ್ಟೀರಿಯೋಗೆ ಹೊಸ ಸಿಡಿ ಪ್ಲೇಯರ್: ನನ್ನ ಅನುಭವ

ಚಿಕ್ಕಮಗಳೂರಿನ ಮಳೆಗಾಲ ಗೊತ್ತಲ್ವಾ, ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಈ ಸಲ ನಮ್ಮ ಸಿಡಿ ಪ್ಲೇಯರ್ ಕೈಕೊಟ್ಟಿತು. ಡಿಸ್ಕ್ ಒಂದೆರಡು ಸುತ್ತು ತಿರುಗಿ 'ನೋ ಡಿಸ್ಕ್' ಅನ್ನುತ್ತಿತ್ತು. ಲೆನ್ಸ್ ಒರೆಸಿದೆ, ಎರಡು ದಿನ ಹಾಡಿತು, ಮತ್ತೆ ಅದೇ ಕಥೆ.

ಆಂಪ್ಲಿಫೈಯರ್, ಸ್ಪೀಕರ್ ಎರಡೂ ಗಟ್ಟಿಮುಟ್ಟಾಗಿದ್ದವು. ಹಾಗಾಗಿ ಪ್ಲೇಯರ್ ಮಾತ್ರ ಬದಲಾಯಿಸೋಣ ಅಂದುಕೊಂಡೆ. ಅಪ್ಪನ ಹತ್ತಿರ ಎಂಪಿ3 ತುಂಬಿದ ಡಿಸ್ಕ್‌ಗಳೇ ಜಾಸ್ತಿ. ಹಳೇ ಸಿಡಿ ಪ್ಲೇಯರ್‌ಗಳಲ್ಲಿ ಎಷ್ಟೋ ಅವನ್ನು ಓದುವುದಿಲ್ಲ. ಹೆಚ್ಚಿನ ಡಿವಿಡಿ ಪ್ಲೇಯರ್‌ಗಳು ಮಾಮೂಲಿ ಸಿಡಿ, ಎಂಪಿ3 ಡಿಸ್ಕ್ ಎರಡನ್ನೂ ಓದುತ್ತವೆ, ಆದರೆ ಮುಂದೆ ಡಿಸ್‌ಪ್ಲೇ ಇಲ್ಲದಿದ್ದರೆ ಹಾಡು ಹುಡುಕಲು ಟಿವಿ ಹಾಕಬೇಕು. ಆ ಗೋಳು ಬೇಡ ಅಂತ ಡಿಸ್‌ಪ್ಲೇ ಇರುವ ಸೆಕೆಂಡ್ ಹ್ಯಾಂಡ್ ಡಿವಿಡಿ ಪ್ಲೇಯರ್ ತಂದೆ. ಅಂಗಡಿಗೆ ನಮ್ಮದೇ ಗೀರು ಬಿದ್ದ ಡಿಸ್ಕ್ ಒಯ್ದು ಹಾಕಿ ನೋಡಿದ್ದು ಒಳ್ಳೆಯದಾಯಿತು. ಮೊದಲು ತೋರಿಸಿದ ಪ್ಲೇಯರ್ ಅಲ್ಲೇ ತಡವರಿಸಿತು.

ಮನೆಗೆ ಬಂದು ಜೋಡಿಸಿದರೆ ಸೌಂಡ್ ಕರಕರ! ಎದೆ ಧಸಕ್ಕೆಂದಿತು. ನೋಡಿದರೆ ಕೆಂಪು, ಬಿಳಿ ಪಿನ್‌ಗಳನ್ನು ಫೋನೋ ಅಂತ ಬರೆದಿದ್ದ ತೂತಿಗೆ ಚುಚ್ಚಿದ್ದೆ. ಅದು ಗ್ರಾಮಫೋನ್ ತಟ್ಟೆ ಹಾಡಿಸುವ ಟರ್ನ್‌ಟೇಬಲ್‌ಗೆ. ಅದರಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಅಲ್ಲಿ ಜಾಸ್ತಿ ಹಿಗ್ಗಿಸುತ್ತಾರೆ. ಪಿನ್‌ಗಳನ್ನು ಆಕ್ಸ್ ಅಂತ ಬರೆದಿದ್ದ ತೂತಿಗೆ ಬದಲಿಸಿದೆ, ಸರಿಹೋಯಿತು. ಅಪ್ಪ ಮಾತ್ರ "ಹಳೇದರಲ್ಲೇ ಬೇಸ್ ಚೆನ್ನಾಗಿತ್ತು" ಅನ್ನುತ್ತಲೇ ಇದ್ದಾರೆ.