ಕ್ರೂಗರ್ ಕಾಡಿಗೆ ಮೊದಲ ಸಲ: ನೀವೇ ಕಾರು ಓಡಿಸುವ ಸಫಾರಿಗೆ ತಯಾರಾಗುವುದು ಹೇಗೆ?

ಕಬಿನಿ, ಬಂಡೀಪುರಗಳಲ್ಲಿ ಸಫಾರಿ ಮಾಡಿದವರಿಗೆ ಒಂದು ಕ್ರಮ ಅಭ್ಯಾಸವಾಗಿರುತ್ತದೆ. ಹೇಳಿದ ಹೊತ್ತಿಗೆ ಜೀಪು ಹತ್ತಬೇಕು, ಡ್ರೈವರ್ ಕರೆದೊಯ್ದ ಕಡೆ ಹೋಗಬೇಕು, ಹೊತ್ತು ಮುಗಿದರೆ ವಾಪಸ್. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಹಾಗಿಲ್ಲ. ಬಾಡಿಗೆ ಕಾರು ತಗೊಂಡು, ಗೇಟಿನಲ್ಲಿ ಪರ್ಮಿಟ್ ಮಾಡಿಸಿಕೊಂಡು, ನೀವೇ ಓಡಿಸಿಕೊಂಡು ಒಳಗೆ ಹೋಗಬಹುದು. ಆನೆ ಹಿಂಡು ನೀರು ಕುಡಿಯುವುದನ್ನು ಒಂದು ಗಂಟೆ ನೋಡುತ್ತ ಕೂತರೂ ಯಾರೂ ಎಬ್ಬಿಸುವುದಿಲ್ಲ. ಸಾಮಾನ್ಯ ಕಾರೇ ಸಾಕು. ಮುಖ್ಯ ರಸ್ತೆಗಳೆಲ್ಲ ಡಾಂಬರು, ಒಳರಸ್ತೆಗಳು ಚೆನ್ನಾಗಿ ಇಟ್ಟುಕೊಂಡ ಮಣ್ಣಿನ ದಾರಿಗಳು.

ಆದರೆ ಈ ಸ್ವಾತಂತ್ರ್ಯ ಸಿಕ್ಕ ಕೂಡಲೇ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಕಾಡನ್ನೆಲ್ಲ ಸುತ್ತಿಬಿಡೋಣ ಅಂತ ಹೊರಡುತ್ತಾರೆ. ಕ್ರೂಗರ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ಉದ್ದ ಇದೆ. ವಿಸ್ತೀರ್ಣ ಹೆಚ್ಚು ಕಡಿಮೆ 20,000 ಚದರ ಕಿಲೋಮೀಟರ್. ಒಂದು ವಾರದಲ್ಲಿ ಅದನ್ನು ನೋಡಿ ಮುಗಿಸುವ ಆಸೆ ಬೇಡ. ದಕ್ಷಿಣದ ಒಂದು ಭಾಗ ಹಿಡಿದು, ನಿಧಾನವಾಗಿ ಓಡಾಡಿ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಇದೇ ಮುಖ್ಯ. ಮಿಕ್ಕ ತಯಾರಿಯೆಲ್ಲ ಈ ನಿಧಾನಕ್ಕೆ ಜಾಗ ಮಾಡಿಕೊಡುವುದಕ್ಕೆ.

‘ಬಿಗ್ ಫೈವ್’ ಅನ್ನುವ ಮಾತು ಕೇಳಿಯೇ ಇರುತ್ತೀರಿ. ಸಿಂಹ, ಚಿರತೆ, ಆನೆ, ಖಡ್ಗಮೃಗ ಮತ್ತು ಆಫ್ರಿಕದ ಕಾಡೆಮ್ಮೆ. ಈ ಪಟ್ಟಿ ಮಾಡಿದವರು ಬೇಟೆಗಾರರು. ನಡೆದುಕೊಂಡು ಹೋಗಿ ಬೇಟೆಯಾಡಲು ತುಂಬಾ ಕಷ್ಟವಾದ, ಅಪಾಯದ ಐದು ಪ್ರಾಣಿಗಳು ಇವು. ದೊಡ್ಡ ಗಾತ್ರಕ್ಕೂ ಈ ಪಟ್ಟಿಗೂ ಸಂಬಂಧವಿಲ್ಲ. ಅದಕ್ಕೇ ನೀರಾನೆ, ಜಿರಾಫೆ ಇದರಲ್ಲಿ ಸೇರಿಲ್ಲ. ಬೇಟೆಯಿಂದ ಪ್ರಾಣಿಗಳು ಕಡಿಮೆಯಾಗುತ್ತ ಬಂದಾಗಲೇ 1898ರಲ್ಲಿ ಅಲ್ಲಿಯ ಆಗಿನ ಅಧ್ಯಕ್ಷ ಪಾಲ್ ಕ್ರೂಗರ್ ಸರ್ಕಾರ ಸಾಬಿ ನದಿಯ ಸುತ್ತಲ ಕಾಡನ್ನು ಮೀಸಲು ಪ್ರದೇಶ ಮಾಡಿತು. 1926ರಲ್ಲಿ ಅದು ಬೆಳೆದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷದಿಂದಲೇ ಪ್ರವಾಸಿಗರ ಕಾರು ಒಳಗೆ ಬರತೊಡಗಿದವು. ಅಂದರೆ ಸ್ವಂತ ಕಾರಿನ ಸಫಾರಿ ಇಲ್ಲಿ ನೂರು ವರ್ಷದ ರೂಢಿ.

ಯಾವ ತಿಂಗಳು ಒಳ್ಳೆಯದು?

ಅಲ್ಲಿಯ ಋತು ನಮ್ಮದಕ್ಕೆ ಉಲ್ಟಾ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಗಾಲ, ಅಲ್ಲಿಯ ಚಳಿಗಾಲವೂ ಇದರಲ್ಲೇ. ಹುಲ್ಲು ಒಣಗಿ ಕುಗ್ಗಿರುತ್ತದೆ, ಗಿಡಗಳ ಎಲೆ ಉದುರಿರುತ್ತದೆ, ನೀರು ಕೆಲವೇ ಕಡೆ ಉಳಿದಿರುತ್ತದೆ. ಪ್ರಾಣಿಗಳು ಅಲ್ಲಿಗೇ ಬರಬೇಕು. ಮೊದಲ ಸಲ ಹೋಗುವವರಿಗೆ ಇದೇ ಸರಿಯಾದ ಕಾಲ. ನಮ್ಮ ಮಕ್ಕಳ ಬೇಸಿಗೆ ರಜೆಯ ಮೇ ತಿಂಗಳು ಇದರ ಶುರುವಿಗೆ ಬರುತ್ತದೆ, ದಸರಾ ರಜೆ ಕೊನೆಗೆ ಬರುತ್ತದೆ. ಎರಡರಲ್ಲಿ ನನ್ನ ಓಟು ದಸರಾಕ್ಕೆ. ಬಿಸಿಲು ಜಾಸ್ತಿ ಇದ್ದರೂ ನೀರಿನ ಹತ್ತಿರದ ನೋಟ ಆಗ ಬೇರೆಯೇ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಕಾಡು ಹಸಿರಾಗಿ ಚಂದ ಕಾಣುತ್ತದೆ, ವಲಸೆ ಹಕ್ಕಿಗಳು ಬರುತ್ತವೆ, ಇಂಪಾಲ ಜಿಂಕೆಗಳು ಮರಿ ಹಾಕುತ್ತವೆ. ಆದರೆ ಎತ್ತರದ ಹುಲ್ಲಿನಲ್ಲಿ ಮಲಗಿದ ಸಿಂಹ ಹತ್ತಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಸೊಳ್ಳೆಯೂ ಹೆಚ್ಚು, ಸೆಕೆಯೂ ಹೆಚ್ಚು.

ಕಾಗದ ಪತ್ರ, ಔಷಧ, ಕಾರು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಕಡೆಯ ಗಳಿಗೆಗೆ ಬಿಡಬೇಡಿ, ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಪಾಸ್‌ಪೋರ್ಟಿನಲ್ಲಿ ಖಾಲಿ ಪುಟಗಳು ಇವೆಯಾ ನೋಡಿಕೊಳ್ಳಿ. ಮಕ್ಕಳು ಜೊತೆಗಿದ್ದರೆ ಅವರ ಜನನ ಪ್ರಮಾಣಪತ್ರ ಕೈಯಲ್ಲಿರಲಿ.

ವಿಮಾನ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆ ವಿಷಯ ವಿಚಾರಿಸಲೇಬೇಕು. ಆ ದೇಶಗಳಲ್ಲಿ ಎಷ್ಟು ಹೊತ್ತು ಇದ್ದಿರಿ ಅನ್ನುವುದರ ಮೇಲೆ ಕಾರ್ಡು ಕೇಳುತ್ತಾರೆ. ದಕ್ಷಿಣ ಆಫ್ರಿಕದಲ್ಲೂ ಕೇಳಬಹುದು, ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳಬಹುದು. ಚುಚ್ಚಿಸಿಕೊಂಡು 10 ದಿನ ಆದಮೇಲೆ ಮಾತ್ರ ಆ ಕಾರ್ಡು ಚಾಲ್ತಿಗೆ ಬರುತ್ತದೆ. ದುಬೈ, ದೋಹಾ ದಾರಿಯಲ್ಲಿ ಈ ತಾಪತ್ರಯ ಇಲ್ಲ.

ಕ್ರೂಗರ್ ಮಲೇರಿಯಾ ಇರುವ ಪ್ರದೇಶ. ಚಳಿಗಾಲದಲ್ಲಿ ಅಪಾಯ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ. ಮಾತ್ರೆ ಬೇಕೇ, ಯಾವುದು ಬೇಕು ಅಂತ ನಿಮ್ಮ ಡಾಕ್ಟರನ್ನು ಒಂದು ತಿಂಗಳು ಮೊದಲೇ ಕೇಳಿ. ಕೆಲವು ಮಾತ್ರೆಗಳನ್ನು ಹೊರಡುವ ಮೊದಲೇ ಶುರು ಮಾಡಿ, ಬಂದಮೇಲೂ ಮುಂದುವರಿಸಬೇಕಾಗುತ್ತದೆ. ಸಂಜೆ ಉದ್ದ ತೋಳಿನ ಅಂಗಿ, ಕಾಲಿಗೆ ಸಾಕ್ಸ್, ಸೊಳ್ಳೆ ಕ್ರೀಮು ಇವು ಮರೆಯಬೇಡಿ.

ಕಾರಿನ ವಿಷಯದಲ್ಲಿ ನಮಗೊಂದು ಅನುಕೂಲ ಇದೆ. ಅಲ್ಲೂ ರಸ್ತೆಯ ಎಡಗಡೆ ಓಡಿಸುತ್ತಾರೆ, ಸ್ಟೀರಿಂಗ್ ಬಲಗಡೆ. ಕೂತ ಹತ್ತು ನಿಮಿಷಕ್ಕೆ ಹೊಂದಿಕೊಳ್ಳುತ್ತೀರಿ. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಮೂಲ ಲೈಸೆನ್ಸನ್ನೂ ತಗೊಂಡು ಹೋಗಿ. ಕ್ರೆಡಿಟ್ ಕಾರ್ಡು ಮುಖ್ಯ ಚಾಲಕರ ಹೆಸರಿನಲ್ಲೇ ಇರಬೇಕು. ನಮಗೆ ಇದು ಗೊತ್ತಿರಲಿಲ್ಲ. ಕಾರು ಬುಕ್ ಆಗಿದ್ದದ್ದು ನನ್ನ ಹೆಸರಲ್ಲಿ, ಕಾರ್ಡು ಯಜಮಾನರ ಹೆಸರಲ್ಲಿ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು, ಕೌಂಟರಿನ ಮುಂದೆ ಎರಡು ಗಂಟೆ ನಿಂತೆವು. ಆ ಎರಡು ಗಂಟೆಯ ಬೆಲೆ ಸಂಜೆ ಗೊತ್ತಾಯಿತು, ಅರ್ಧ ದಾರಿಯಲ್ಲೇ ಕತ್ತಲಾಯಿತು. ಸ್ವಲ್ಪ ಎತ್ತರದ ಕಾರು ಸಿಕ್ಕರೆ ಅದನ್ನೇ ಆರಿಸಿ. ಫೋರ್ ವೀಲ್ ಡ್ರೈವ್ ಬೇಕಿಲ್ಲ. ಎತ್ತರ ಇದ್ದರೆ ಹುಲ್ಲಿನ ಮೇಲಿಂದ ಕಣ್ಣು ಹಾಯುತ್ತದೆ, ಅಷ್ಟೇ.

ಎಲ್ಲಿ ಉಳಿಯಬೇಕು?

ಉದ್ಯಾನದೊಳಗೇ ಉಳಿಯಿರಿ. ಹೊರಗಿನ ಹೋಟೆಲು ಅಗ್ಗ ಕಂಡರೂ ಬೆಳಗಿನ ಒಳ್ಳೆ ಹೊತ್ತು ಗೇಟಿನ ಸಾಲಿನಲ್ಲೇ ಕಳೆಯುತ್ತದೆ. ಒಳಗೆ ಬೇಲಿ ಹಾಕಿದ ಕ್ಯಾಂಪುಗಳಿವೆ. ಹುಲ್ಲಿನ ಚಾವಣಿಯ ದುಂಡನೆ ಮನೆಗಳು, ಪೆಟ್ರೋಲ್ ಬಂಕು, ಅಂಗಡಿ, ಊಟದ ಜಾಗ ಎಲ್ಲ ಅಲ್ಲೇ. ಬುಕಿಂಗನ್ನು ದಕ್ಷಿಣ ಆಫ್ರಿಕದ ರಾಷ್ಟ್ರೀಯ ಉದ್ಯಾನ ಸಂಸ್ಥೆಯಾದ ಸ್ಯಾನ್‌ಪಾರ್ಕ್ಸ್‌ನ ವೆಬ್‌ಸೈಟಿನಲ್ಲೇ ಮಾಡಬಹುದು. ಅಲ್ಲಿನವರೂ ರಜೆಯಲ್ಲಿ ಬರುವುದರಿಂದ ನದಿ ಕಾಣುವ ಮನೆಗಳು ತಿಂಗಳುಗಟ್ಟಲೆ ಮೊದಲೇ ಖಾಲಿಯಾಗುತ್ತವೆ. ಮನೆ ಬಾಡಿಗೆ ಬೇರೆ, ತಲೆಗಿಷ್ಟು ಅಂತ ದಿನದ ಪ್ರವೇಶ ಶುಲ್ಕ ಬೇರೆ. ಶುಲ್ಕ ವಿದೇಶಿಯರಿಗೆ ಹೆಚ್ಚು. ಒಂದು ವಾರ ಇರುವವರು ‘ವೈಲ್ಡ್ ಕಾರ್ಡ್’ ಅನ್ನುವ ವರ್ಷದ ಪಾಸಿನ ದರವನ್ನೂ ಹೋಲಿಸಿ ನೋಡಿ. ಎಷ್ಟೋ ಸಲ ಅದೇ ಅಗ್ಗ.

ಆರು ರಾತ್ರಿ ಇದ್ದರೆ ನಾನು ಹೇಳುವುದು ಇಷ್ಟು. ಲೋವರ್ ಸಾಬಿ ಕ್ಯಾಂಪಿನಲ್ಲಿ ಮೂರು, ಸತಾರಾ ಕ್ಯಾಂಪಿನಲ್ಲಿ ಮೂರು. ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದ ದಿನವೇ ಕಾಡು ಮುಟ್ಟುವ ಹಠ ಬೇಡ. ಎನ್4 ಹೆದ್ದಾರಿ ಚೆನ್ನಾಗಿದೆ, ಆದರೂ ನಾಲ್ಕೈದು ಗಂಟೆ ಬೇಕು. ಎಂಬೊಂಬೆಲಾ ಊರಿನಲ್ಲಿ ಒಂದು ರಾತ್ರಿ ತಂಗಿ. ಮರುದಿನ ಬೆಳಿಗ್ಗೆ ಕ್ರೊಕೊಡೈಲ್ ಬ್ರಿಡ್ಜ್ ಗೇಟಿನಿಂದ ಒಳಗೆ ಹೋದರೆ ಲೋವರ್ ಸಾಬಿ 34 ಕಿಲೋಮೀಟರ್. ಆ 34 ಕಿಲೋಮೀಟರಿಗೆ ಮೂರು ಗಂಟೆ ಇಟ್ಟುಕೊಳ್ಳಿ.

ನಿಜವಾಗಲೂ ಮೂರು ಗಂಟೆ ಬೇಕು. ಡಾಂಬರು ರಸ್ತೆಯಲ್ಲಿ ವೇಗದ ಮಿತಿ 50, ಮಣ್ಣಿನ ರಸ್ತೆಯಲ್ಲಿ 40. ಪ್ರಾಣಿ ನೋಡಬೇಕು ಅಂದರೆ ಅದೂ ಜಾಸ್ತಿಯೇ. 20–25ರಲ್ಲಿ ಹೋದರೆ ಪೊದೆಯ ನೆರಳಲ್ಲಿ ಏನಿದೆ ಅಂತ ಕಣ್ಣಿಗೆ ಬೀಳುತ್ತದೆ.

ಕ್ಯಾಂಪ್ ಗೇಟು ತೆರೆಯುವ, ಮುಚ್ಚುವ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಜೂನ್, ಜುಲೈನಲ್ಲಿ ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತಾರೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ 4.30ಕ್ಕೇ ತೆರೆಯುತ್ತದೆ. ತಡವಾಗಿ ಬಂದರೆ ದಂಡ. ಸಂಜೆ ನಾಲ್ಕರ ಹೊತ್ತಿಗೆ ಎಷ್ಟು ದೂರ ಇದ್ದೀರಿ ಅಂತ ಲೆಕ್ಕ ಹಾಕುವ ರೂಢಿ ಮಾಡಿಕೊಳ್ಳಿ. ದಾರಿಯಲ್ಲಿ ಆನೆ ಹಿಂಡು ಅಡ್ಡ ನಿಂತರೆ ಅರ್ಧ ಗಂಟೆ ಹೋಗಿಬಿಡುತ್ತದೆ.

ಊಟ ಮತ್ತು ಪ್ಲಗ್ಗು

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬುಕ್ ಮಾಡುವಾಗ ಅಡುಗೆ ಮಾಡುವ ಸೌಕರ್ಯ, ಪಾತ್ರೆ, ತಟ್ಟೆ ಇರುವ ಮನೆಯನ್ನೇ ಆರಿಸಿ. ಕೆಲವು ಮನೆಗಳಲ್ಲಿ ಒಲೆ ಇದ್ದರೂ ಪಾತ್ರೆ ಇರುವುದಿಲ್ಲ, ವಿವರ ಓದಿ ನೋಡಿ. ಅಕ್ಕಿ, ಬೇಳೆ, ಸಾಂಬಾರ ಪದಾರ್ಥ ಇಲ್ಲಿಂದ ಹೊರುವುದು ಬೇಡ. ಭಾರತೀಯ ಮೂಲದವರು 1860ರಿಂದ ಆ ದೇಶದಲ್ಲಿದ್ದಾರೆ. ಜೊಹಾನ್ಸ್‌ಬರ್ಗ್‌ನ ಫೋರ್ಡ್ಸ್‌ಬರ್ಗ್ ಬಡಾವಣೆಯಲ್ಲಿ ನಮ್ಮ ಅಡುಗೆಗೆ ಬೇಕಾದ್ದೆಲ್ಲ ಸಿಗುತ್ತದೆ. ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಟರೆ ಮಧ್ಯಾಹ್ನ ಕ್ಯಾಂಪಿಗೆ ಓಡಿ ಬರುವ ಕೆಲಸ ಇರುವುದಿಲ್ಲ. ಆದರೆ ಡಬ್ಬಿಯನ್ನು ಜಗಲಿಯ ಮೇಲೆ ಮರೆತು ಒಳಗೆ ಹೋಗಬೇಡಿ. ಅಲ್ಲಿಯ ಕೋತಿಗಳು ನಮ್ಮ ಕೋತಿಗಳಿಗೇನೂ ಕಡಿಮೆಯಿಲ್ಲ.

ಪ್ಲಗ್ಗಿನ ವಿಷಯ ಕೇಳಿ. ಅಲ್ಲಿಯ ಹಳೆಯ ಗೋಡೆ ಸಾಕೆಟ್ಟಿಗೆ ನಮ್ಮ ಮನೆಯ ಗೀಸರಿನ ಮೂರು ದಪ್ಪ ಕಡ್ಡಿಯ ಪ್ಲಗ್ಗು ಸರಿಹೊಂದುತ್ತದೆ. ಆ ಅಳತೆಯ ಅಡಾಪ್ಟರ್ ಇಲ್ಲೇ ಎಲೆಕ್ಟ್ರಿಕ್ ಅಂಗಡಿಯಲ್ಲಿ ತಗೊಳ್ಳಿ.

ಕಾರಿನಿಂದ ಇಳಿಯಬಾರದು

ಮೊದಲ ನಿಯಮ ಇದೇ. ಇಳಿಯಬಹುದು ಅಂತ ಬೋರ್ಡು ಹಾಕಿದ ಪಿಕ್ನಿಕ್ ಜಾಗ, ಹಕ್ಕಿ ನೋಡುವ ಮರೆಗೂಡು, ಕ್ಯಾಂಪು ಬಿಟ್ಟರೆ ಬೇರೆಲ್ಲೂ ಬಾಗಿಲು ತೆರೆಯಬಾರದು. ಕಿಟಕಿಯಿಂದ ಹೊರಗೆ ವಾಲಬಾರದು, ಮೇಲಿನ ಗಾಜು ತೆಗೆದು ತಲೆ ಹಾಕಬಾರದು. ಟೈರು ಪಂಚರ್ ಆದರೂ ಒಳಗೇ ಕೂತು, ಪರ್ಮಿಟ್ಟಿನಲ್ಲಿರುವ ತುರ್ತು ನಂಬರಿಗೆ ಫೋನ್ ಮಾಡಿ. ಕ್ಯಾಂಪಿನಿಂದ ದೂರ ಹೋದಂತೆ ಸಿಗ್ನಲ್ ಹೋಗುತ್ತದೆ. ಆಗ ಹಿಂದೆ ಬರುವ ಕಾರಿನವರ ಹತ್ತಿರ ಹೇಳಿ ಕಳಿಸಬೇಕು.

ಆನೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾವು ಆನೆ ನೋಡಿ ಬೆಳೆದವರು, ಸಲಿಗೆ ಜಾಸ್ತಿ. ಆಫ್ರಿಕದ ಆನೆ ನಮ್ಮದಕ್ಕಿಂತ ದೊಡ್ಡದು. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಕಣ್ಣಿಗೂ ಕಿವಿಗೂ ನಡುವೆ ಮದ ಸುರಿಯುತ್ತಿದ್ದರೆ, ಹಿಂಗಾಲು ಒದ್ದೆಯಾಗಿದ್ದರೆ ಅದು ಮದವೇರಿದ ಗಂಡು. ದೂರದಲ್ಲೇ ನಿಲ್ಲಿ, ರಿವರ್ಸ್ ತೆಗೆಯಲು ಹಿಂದೆ ಜಾಗ ಇರಲಿ. ತಲೆ ಕೊಡವಿ, ಕಿವಿ ಅಗಲಿಸಿ ನಿಮ್ಮ ಕಡೆ ತಿರುಗಿದರೆ ಫೋಟೋ ಬಿಟ್ಟು ಹಿಂದೆ ಹೋಗಿ. ಮರಿಗೂ ತಾಯಿಗೂ ನಡುವೆ ಕಾರು ನುಗ್ಗಿಸಬಾರದು. ಆನೆ ಹತ್ತಿರ ಇದ್ದಾಗ ಎಂಜಿನ್ ಆಫ್ ಮಾಡದೆ ಇರುವುದು ಒಳ್ಳೆಯದು.

ಪ್ರಾಣಿ ಹುಡುಕುವುದು ಹೇಗೆ?

ಬಂಡೀಪುರದಲ್ಲಿ ಮುಸುವ ಕೂಗಿದರೆ, ಚುಕ್ಕಿಜಿಂಕೆ ಕಾಲು ಬಡಿದರೆ ಹುಲಿಯೋ ಚಿರತೆಯೋ ಇದೆ ಅಂತ ಗೈಡು ಹೇಳಿರುತ್ತಾರೆ ಅಲ್ವಾ? ಅಲ್ಲಿ ಆ ಕೆಲಸ ಇಂಪಾಲಗಳದ್ದು. ಸಾವಿರಾರು ಕಾಣುತ್ತವೆ, ಎರಡನೇ ದಿನಕ್ಕೆ ಜನ ಅವುಗಳ ಕಡೆ ನೋಡುವುದನ್ನೇ ಬಿಡುತ್ತಾರೆ. ಬಿಡಬೇಡಿ. ಮೇಯುವುದು ನಿಲ್ಲಿಸಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆ ಅಂದರೆ ನೀವೂ ಆ ಕಡೆ ನೋಡಿ. ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಮಾತು ನಿಲ್ಲಿಸಿ ಕಾಯಿರಿ. ಅವು ಮೂಗಿನಿಂದ ಬುಸ್ ಅಂತ ಉಸಿರು ಬಿಡುವುದೂ ಕೇಳುತ್ತದೆ.

ಲೋವರ್ ಸಾಬಿ ಕ್ಯಾಂಪಿನ ಪಕ್ಕದಲ್ಲೇ ಸನ್‌ಸೆಟ್ ಡ್ಯಾಮ್ ಅನ್ನುವ ಕೆರೆ ಇದೆ. ರಸ್ತೆಯಿಂದ ನೀರಿಗೆ ಕೆಲವೇ ಹೆಜ್ಜೆ. ಒಂದು ಸಂಜೆ ನಾವು ಎಲ್ಲೂ ಹೋಗದೆ ಅಲ್ಲೇ ಎರಡು ಗಂಟೆ ಕೂತೆವು. ಮೊದಲು ಕಂಡದ್ದು ನೀರಿನ ಮೇಲೆ ತೇಲುವ ಬಂಡೆಗಳು. ಒಂದು ಬಂಡೆ ಕಿವಿ ಕೊಡವಿತು, ನೀರಾನೆ. ಅದರ ಬೆನ್ನ ಮೇಲೆ ಪುಟ್ಟ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಅದು ಮುಳುಗಿದಾಗೆಲ್ಲ ಆಮೆಗಳು ಪುಳಪುಳ ನೀರಿಗೆ ಬೀಳುತ್ತಿದ್ದವು, ಮೇಲೆ ಬಂದ ಕೂಡಲೇ ಮತ್ತೆ ಹತ್ತುತ್ತಿದ್ದವು. ದಡದಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ, ಅದರಿಂದ ಎರಡು ಮಾರು ದೂರದಲ್ಲಿ ಹಳದಿ ಕೊಕ್ಕಿನ ಕೊಕ್ಕರೆ. ಆ ಎರಡು ಗಂಟೆಯಲ್ಲಿ ಹತ್ತಾರು ಕಾರು ಬಂದವು, ‘ಸಿಂಹ ಇಲ್ಲ’ ಅಂತ ಎರಡು ನಿಮಿಷಕ್ಕೇ ಹೋದವು. ಆಮೆಗಳನ್ನು ಅವರು ಯಾರೂ ನೋಡಲಿಲ್ಲ.

ಸಿಂಹಕ್ಕೆ ಸತಾರಾ ಸುತ್ತಲಿನ ಬಯಲು ಒಳ್ಳೆಯದು. ಅಲ್ಲಿಯ ಎಸ್100 ಮಣ್ಣಿನ ರಸ್ತೆಗೆ ಗೇಟು ತೆರೆದ ಕೂಡಲೇ ಹೋಗಿ. ಚಿರತೆಗೆ ಲೋವರ್ ಸಾಬಿ ಮತ್ತು ಸ್ಕುಕುಜಾ ಕ್ಯಾಂಪುಗಳ ನಡುವಿನ ನದಿ ಪಕ್ಕದ ರಸ್ತೆಯಲ್ಲಿ ದೊಡ್ಡ ಮರಗಳ ಅಡ್ಡಕೊಂಬೆಗಳನ್ನು ನೋಡುತ್ತ ಹೋಗಿ. ಬೈನಾಕ್ಯುಲರ್ ತಲೆಗೊಂದು ಇರಲಿ, ಕ್ಯಾಮೆರಾಗಿಂತ ಅದೇ ಮುಖ್ಯ.

ಕತ್ತಲಾದ ಮೇಲೆ ಸ್ವಂತ ಕಾರು ಓಡಿಸುವಂತಿಲ್ಲ. ಅದಕ್ಕೆ ಕ್ಯಾಂಪಿನವರದೇ ತೆರೆದ ಗಾಡಿಯ ರಾತ್ರಿ ಸಫಾರಿ ಇದೆ. ಒಂದನ್ನಾದರೂ ಮಾಡಿ. ಬಂದೂಕು ಹಿಡಿದ ಇಬ್ಬರು ರೇಂಜರ್‌ಗಳ ಜೊತೆ ಬೆಳಗಿನ ಕಾಲ್ನಡಿಗೆಯೂ ಇದೆ, 12 ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ. ಚಳಿಗಾಲದಲ್ಲಿ ತೆರೆದ ಗಾಡಿಯ ಚಳಿ ನಾವು ಬೆಂಗಳೂರಿನಲ್ಲಿ ಕಂಡದ್ದಲ್ಲ. ಸ್ವೆಟರು, ಟೋಪಿ, ಕೈಗವಸು ಬೇಕೇ ಬೇಕು.

ಖಡ್ಗಮೃಗ ಕಂಡರೆ ಒಂದು ಕೆಲಸ ಮಾಡಿ. ಅದರ ಫೋಟೋವನ್ನು ಜಾಗದ ಹೆಸರಿನ ಜೊತೆ ಎಲ್ಲೂ ಹಾಕಬೇಡಿ, ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡಿಯೇ ತೆಗೆಯಿರಿ. ಕೊಂಬಿಗಾಗಿ ಕೊಲ್ಲುವ ಕಳ್ಳಬೇಟೆಗಾರರಿಂದ ಕ್ರೂಗರ್ ಬಹಳ ಖಡ್ಗಮೃಗಗಳನ್ನು ಕಳೆದುಕೊಂಡಿದೆ. ಕೊಲ್ಲಬಾರದು ಅಂತ ಅಧಿಕಾರಿಗಳೇ ಎಷ್ಟೋ ಪ್ರಾಣಿಗಳ ಕೊಂಬು ಕತ್ತರಿಸಿ ಬಿಟ್ಟಿದ್ದಾರೆ. ಮೊಂಡು ಮೂತಿಯ ಖಡ್ಗಮೃಗ ಎದುರಿಗೆ ಬಂದರೆ ಕಾರಣ ಅದೇ.

ಕೊನೆಯ ದಿನ ಸತಾರಾದಿಂದ ಓರ್ಪೆನ್ ಗೇಟಿನ ಮೂಲಕ ಹೊರಗೆ ಬನ್ನಿ. ಜೊಹಾನ್ಸ್‌ಬರ್ಗ್ ಬೆಳಕಿರುವಾಗಲೇ ಮುಟ್ಟುವ ಹಾಗೆ ಹೊರಡಿ. ಹೊರಗಿನ ರಸ್ತೆಗಳಲ್ಲಿ ಗುಂಡಿ ಇವೆ, ದನಕರು ಅಡ್ಡ ಬರುತ್ತವೆ, ಕತ್ತಲಲ್ಲಿ ಕಳ್ಳರ ಭಯವೂ ಇದೆ. ರಾತ್ರಿ ವಿಮಾನ ಅದೇ ದಿನಕ್ಕೆ ಇಟ್ಟುಕೊಳ್ಳದಿದ್ದರೆ ಮೇಲು. ಊರಿಗೆ ಬಂದು ಕೆಲವು ವಾರ, ತಿಂಗಳ ಒಳಗೆ ಜ್ವರ ಬಂದರೆ ಸುಮ್ನೆ ಒಂದು ಮಾತ್ರೆ ನುಂಗಿ ಮಲಗಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಆಫ್ರಿಕಕ್ಕೆ ಹೋಗಿದ್ದೆ ಅಂತ ಮೊದಲು ಹೇಳಿ, ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ.