ಹಳೆಯ ಯುಎಫ್‌ಒ ವರದಿಯನ್ನು ಸೇನೆಯ ಗುಪ್ತ ಪ್ರಯೋಗಗಳ ಜೊತೆ ತಾಳೆ ನೋಡುವುದು ಹೇಗೆ

ಯುಎಫ್‌ಒ, ಅಂದರೆ ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುಗಳ ಬಗ್ಗೆ ಅಮೆರಿಕದ ವಾಯುಪಡೆ 1969ರವರೆಗೆ ನಡೆಸಿದ ‘ಬ್ಲೂ ಬುಕ್’ ತನಿಖೆಯ ಕಡತಗಳು ಈಗ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಲ್ಲರಿಗೂ ತೆರೆದಿವೆ. ಅದರಲ್ಲೊಂದು ವರದಿ ಎತ್ತಿಕೊಂಡರೆ ಮೊದಲು ದಿನಾಂಕ, ಸ್ಥಳೀಯ ಸಮಯ, ದಿಕ್ಕು, ದಿಗಂತದಿಂದ ಎಷ್ಟು ಮೇಲೆ ಕಂಡಿತು ಎಂಬುದನ್ನು ಬರೆದುಕೊಳ್ಳಿ. ಆ ಎತ್ತರವನ್ನು ಅಂದಾಜಿಸಲು, ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ‘ನೂರಡಿ ಉದ್ದವಿತ್ತು, ಮೈಲಿ ದೂರದಲ್ಲಿತ್ತು’ ಎಂಬ ಮಾತನ್ನು ಬದಿಗಿಡಿ. ಗಾತ್ರ ಗೊತ್ತಿಲ್ಲದ ವಸ್ತುವಿನ ದೂರವನ್ನು ಬರಿಗಣ್ಣು ಹೇಳಲಾರದು.

ಆಮೇಲೆ ಸೂರ್ಯನ ಲೆಕ್ಕ. ಸಿಐಎಯ ಬೇಹು ವಿಮಾನ ಯು-2, 1955ರ ಆಗಸ್ಟ್‌ನಲ್ಲಿ ನೆವಾಡಾದ ಗ್ರೂಮ್ ಲೇಕ್ ಎಂಬ ಗುಪ್ತ ಪರೀಕ್ಷಾ ನೆಲೆಯಲ್ಲಿ ಹಾರತೊಡಗಿ, ಬೇಗನೆ 60,000 ಅಡಿಗೂ ಮೇಲೇರಿತು. ಅಷ್ಟು ಎತ್ತರದಲ್ಲಿ, ಆ ಅಕ್ಷಾಂಶದಲ್ಲಿ, ನೆಲದ ಮೇಲೆ ಹೊತ್ತು ಮುಳುಗಿದ ಮೇಲೂ ಸುಮಾರು 20ರಿಂದ 30 ನಿಮಿಷ ಬಿಸಿಲು ಬೀಳುತ್ತದೆ. ಬೆಳ್ಳಿಬಣ್ಣದ ರೆಕ್ಕೆ ಆಗ ಉರಿಯುವಂತೆ ಕಾಣುತ್ತದೆ. ಸೂರ್ಯಾಸ್ತವಾಗಿ ಒಂದೂವರೆ ಗಂಟೆಯ ನಂತರ ಹೊಳೆದದ್ದಕ್ಕೆ ಈ ವಿವರಣೆ ಹೊಂದುವುದಿಲ್ಲ. ಅಂಥ ವರದಿಗೆ ಕ್ಷಿಪಣಿ ಉಡಾವಣೆಗಳ ಪಟ್ಟಿ ನೋಡಿ. 2015ರ ನವೆಂಬರ್ 7ರ ಸಂಜೆ ಕ್ಯಾಲಿಫೋರ್ನಿಯಾದ ಜನ ಕಂಡ ನೀಲಿ ಬೆಳಕು ನೌಕಾಪಡೆಯ ಟ್ರೈಡೆಂಟ್ ಕ್ಷಿಪಣಿಯದು. 1950ರ ದಶಕದ ಕೊನೆಯಿಂದ 1960ರ ದಶಕದ ಬಹುಭಾಗದವರೆಗಿನ ಯುಎಫ್‌ಒ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ಬೇಹು ವಿಮಾನಗಳದ್ದೇ ಎಂದು ಸಿಐಎ ಹೇಳಿಕೊಂಡಿದೆ. ಆ ಒಟ್ಟು ಲೆಕ್ಕ ನಿಮ್ಮ ಕೈಲಿರುವ ಒಂದು ವರದಿಗೆ ಪುರಾವೆಯಾಗದು.

ಕಾಲವನ್ನೂ ಹೊಂದಿಸಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ 1947ರ ಜುಲೈ 8ರಂದು ‘ಹಾರುವ ತಟ್ಟೆ ಸಿಕ್ಕಿದೆ’ ಎಂದು ಪ್ರಕಟಿಸಿದ್ದು ಸೇನಾ ನೆಲೆಯೇ. ಕೂಡಲೇ ಅದು ಹವಾಮಾನದ ಬಲೂನಾಯಿತು. ಸೋವಿಯತ್ ಅಣುಸ್ಫೋಟದ ಸದ್ದು ಹಿಡಿಯಲು ಹಾರಿಸುತ್ತಿದ್ದ ‘ಮೋಗಲ್’ ಬಲೂನು ಸರಣಿಯ ಅವಶೇಷ ಅದು ಎಂದು ವಾಯುಪಡೆ 1994ರಲ್ಲಿ ವರದಿ ಕೊಟ್ಟಿತು. ಬೆಳ್ಳಿ ಹಾಳೆ, ಹಗುರ ಮರದ ಕಡ್ಡಿ, ರಬ್ಬರಿನ ಚೂರು ಎಲ್ಲವೂ ಇದಕ್ಕೆ ತಾಳೆಯಾಗುತ್ತವೆ. ಆದರೆ ವಾಯುಪಡೆಯ 1997ರ ವರದಿ ಅದೇ ರಾಸ್‌ವೆಲ್‌ನ ‘ಅನ್ಯಗ್ರಹದ ಶವ’ಗಳ ಕತೆಗೆ ಕೊಟ್ಟ ಕಾರಣ, 1950ರ ದಶಕದಲ್ಲಿ ಆಕಾಶದಿಂದ ಇಳಿಬಿಟ್ಟ ಮನುಷ್ಯಾಕಾರದ ಬೊಂಬೆಗಳು. ಸಾಕ್ಷಿಗಳು ವರ್ಷಗಳನ್ನು ಕಲಸಿಕೊಂಡರು ಎಂದರೆ ಅದನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಅಂಥದ್ದನ್ನು ‘ಸಾಧ್ಯ’ ಎಂದಷ್ಟೇ ಬರೆಯಿರಿ.

ತನಿಖೆ ಮಾಡಿದವರಿಗೇ ಗುಟ್ಟು ಗೊತ್ತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. 1948ರ ಜನವರಿ 7ರಂದು ಕೆಂಟಕಿಯಲ್ಲಿ ಬೆಳ್ಳನೆಯ ವಸ್ತುವೊಂದನ್ನು ಅಟ್ಟಿಸಿಕೊಂಡು ಹೋದ ಪೈಲಟ್ ಮಾಂಟೆಲ್ ಸತ್ತಾಗ, ವಾಯುಪಡೆ ಮೊದಲು ಹೇಳಿದ್ದು ಶುಕ್ರಗ್ರಹವೆಂದು. ಅದು ನೌಕಾಪಡೆ ಬಹಳ ಎತ್ತರಕ್ಕೆ ಹಾರಿಸುತ್ತಿದ್ದ ಗುಪ್ತ ‘ಸ್ಕೈಹುಕ್’ ಬಲೂನು ಇದ್ದೀತು ಎಂಬ ವಿವರಣೆ ಬಂದದ್ದು ಆಮೇಲೆ. ಹೀಗೆ ಹೇಳಿಕೆ ಬದಲಾದ ಕಡೆಯೆಲ್ಲ ಎರಡು ಕಾಲಂ ಹಾಕಿ: ಯಾವ ದಿನ ಏನು ಹೇಳಿದರು, ಯಾವ ದಾಖಲೆ ಯಾವಾಗ ಹೊರಬಂತು. ಸುಳ್ಳೇ ಹೇಳಿದ್ದರೂ ಅದರಿಂದ ಏನೋ ಮುಚ್ಚಿಟ್ಟಿದ್ದರು ಎಂದಷ್ಟೇ ಸಾಬೀತಾಗುತ್ತದೆ. ಏನನ್ನು ಎಂಬುದಕ್ಕೆ ಎರಡನೆಯ ಕಾಲಂ ತುಂಬಬೇಕು. ಅದು ಖಾಲಿಯಿದ್ದರೆ ಖಾಲಿಯೇ ಬಿಡಿ.