ಜೀಪಿನ ಬಾನೆಟ್ಟು ಕಡಲು ದಾಟಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೆಗಳ ಕೊಟ್ಟಿಗೆ ಪಕ್ಕ ಇಣುಕಿದರೆ ಟಾರ್ಪಾಲು ಹೊದ್ದು ನಿಂತ ಹಳೇ ಮಹೀಂದ್ರಾ ಜೀಪು ಈಗಲೂ ಕಾಣಿಸುತ್ತದೆ. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ. ಅಮೆರಿಕದಲ್ಲಿ ಇದರ ತಯಾರಿಕೆ 1968ಕ್ಕೇ ನಿಂತಿತು. ನಮ್ಮಲ್ಲಿ ಆಮೇಲೂ ಬಹಳ ವರ್ಷ ನಡೆಯಿತು. ಹಾಗಾಗಿ ಹೊರದೇಶದಲ್ಲಿ ಹಳೇ ಜೀಪು ಸರಿಮಾಡುವ ಹುಚ್ಚಿರುವವರಿಗೆ ನಮ್ಮ ಕಡೆಯ ಬಿಡಿಭಾಗ ಅಂದರೆ ಜೀವ.

ನನ್ನ ತಂಗಿಯ ಗಂಡನೂ ಅಂಥವನೇ. ಮೆಲ್ಬರ್ನ್‌ನಲ್ಲಿದ್ದಾನೆ. 'ಒಂದು ಬಾನೆಟ್ಟು ಕಳಿಸಿಬಿಡಿ ಭಾವ' ಅಂದ. ಅವನು ಹೇಳಿದ್ದು ಅರ್ಧ ನಿಮಿಷದಲ್ಲಿ. ನನಗೆ ಹಿಡಿದದ್ದು ನಾಲ್ಕು ತಿಂಗಳು. ಅದರಲ್ಲಿ ಎರಡು ತಿಂಗಳು ನನ್ನದೇ ತಪ್ಪಿಗೆ ಹೋಯಿತು. ನೀವು ಅಷ್ಟು ಸುತ್ತಬೇಕಿಲ್ಲ.

ಮೊದಲು ಟೇಪು, ಆಮೇಲೆ ತಕ್ಕಡಿ

ಎಲ್ಲರೂ ಮೊದಲು ಕೇಳುವುದು 'ಕೆ.ಜಿ.ಗೆ ಎಷ್ಟು?' ಅಂತ. ದೊಡ್ಡ ತಗಡಿನ ವಸ್ತುವಿಗೆ ಆ ಪ್ರಶ್ನೆಯೇ ಸುಳ್ಳು. ಅದು ಎಷ್ಟು ಜಾಗ ತಿನ್ನುತ್ತದೆ ಅನ್ನುವುದರ ಮೇಲೆ ಬಾಡಿಗೆ ನಿಲ್ಲುತ್ತದೆ.

ಕೊರಿಯರ್‌ನವರ ಲೆಕ್ಕ ಹೀಗೆ. ಪೆಟ್ಟಿಗೆಯ ಹೊರಗಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ವಿಮಾನದ ಕಾರ್ಗೋದವರು ಸಾಮಾನ್ಯವಾಗಿ 6000ದಿಂದ. ಬಂದ ಅಂಕಿಯನ್ನೂ ನಿಜವಾದ ತೂಕವನ್ನೂ ಪಕ್ಕಪಕ್ಕ ಇಟ್ಟು, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

ನನ್ನ ಬಾನೆಟ್ಟಿನ ಪೆಟ್ಟಿಗೆ 130 × 120 × 30 ಸೆಂ.ಮೀ. ಇತ್ತು. ಗುಣಿಸಿದರೆ 4,68,000. ಭಾಗಿಸಿದರೆ 93.6 ಕೆ.ಜಿ. ತಕ್ಕಡಿ ಮೇಲೆ ಇಟ್ಟರೆ ಮೂವತ್ತೂ ಇಲ್ಲ! ಅರವತ್ತು ಚಿಲ್ಲರೆ ಕೆ.ಜಿ. ಬರೀ ಗಾಳಿಗೆ ಬಾಡಿಗೆ. ಗೇರ್‌ಬಾಕ್ಸಿನ ಕಥೆ ಉಲ್ಟಾ. 60 × 45 × 40ರ ಪೆಟ್ಟಿಗೆಗೆ ಲೆಕ್ಕದ ತೂಕ 21.6 ಕೆ.ಜಿ. ಬರುತ್ತದೆ, ಒಳಗಿರುವ ಕಬ್ಬಿಣ ಅದಕ್ಕಿಂತ ಭಾರ. ಅಲ್ಲಿ ನಿಜವಾದ ತೂಕಕ್ಕೇ ಬಿಲ್ಲು. ಗಟ್ಟಿ, ಚಿಕ್ಕ ವಸ್ತುವಿಗೆ ವಿಮಾನ ಅಷ್ಟೇನೂ ನಷ್ಟವಲ್ಲ. ಬಾನೆಟ್ಟು, ಬಂಪರು, ಬಾಗಿಲಿಗೆ ಹಡಗೇ ಸರಿ.

ಅಂಚೆಯನ್ನು ಮರೆಯಬೇಡಿ. ಕಾರ್ಬುರೇಟರ್, ಮೀಟರ್ ಪ್ಯಾನೆಲ್‌ನಂಥ ಸಣ್ಣಪುಟ್ಟದ್ದಕ್ಕೆ ಅದೇ ಸಲೀಸು. ಆದರೆ ತೂಕಕ್ಕೂ ಉದ್ದಕ್ಕೂ ಮಿತಿ ಇದೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬಾನೆಟ್ಟು ಹೊತ್ತುಕೊಂಡು ಅಂಚೆ ಕಚೇರಿಗೆ ಹೋಗಿ ನಗೆಪಾಟಲಾಗಬೇಡಿ.

ಹಡಗಿನ ಒಂದು ಘನ ಮೀಟರು

20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರು ಜಾಗ ಇರುತ್ತದೆ. ನಮಗೆ ಅದರಲ್ಲಿ ಒಂದು ಮೂಲೆ ಸಾಕು. ಹತ್ತಾರು ಜನರ ಸರಕನ್ನು ಒಂದೇ ಕಂಟೇನರಿಗೆ ತುಂಬಿ ಕಳಿಸುವುದಕ್ಕೆ ಎಲ್‌ಸಿಎಲ್ ಅನ್ನುತ್ತಾರೆ. ಇಲ್ಲಿ ಒಂದು ಘನ ಮೀಟರು ಅಥವಾ ಒಂದು ಟನ್ನು, ಯಾವುದು ದೊಡ್ಡದೋ ಅದರ ಮೇಲೆ ದರ. ಸಾಮಾನ್ಯವಾಗಿ ಕನಿಷ್ಠ ಬಾಡಿಗೆಯೇ ಒಂದು ಘನ ಮೀಟರಿನದು.

ನನ್ನ ಪೆಟ್ಟಿಗೆ 0.468 ಘನ ಮೀಟರು. ಅಂದರೆ ಅರ್ಧಕ್ಕಿಂತ ಜಾಸ್ತಿ ಜಾಗ ನಾನು ದುಡ್ಡು ಕೊಟ್ಟು ಖಾಲಿ ಬಿಡುತ್ತಿದ್ದೆ. ಪೆಟ್ಟಿಗೆಯ ಎತ್ತರವನ್ನು 30ರಿಂದ 60ಕ್ಕೆ ಏರಿಸಿದೆ. 0.936 ಆಯಿತು. ಬಾನೆಟ್ಟಿನ ಕೆಳಗೆ ಎರಡು ಮಡ್‌ಗಾರ್ಡ್, ಮುಂದಿನ ಗ್ರಿಲ್ಲು, ಹಿಂದಿನ ಟೇಲ್‌ಗೇಟು ಎಲ್ಲ ಕೂತವು. ಹಡಗಿನ ಬಾಡಿಗೆ ಒಂದು ಪೈಸೆ ಏರಲಿಲ್ಲ. ಒಂದೊಂದೇ ಭಾಗ ಕಳಿಸುವುದು ದಂಡ. ಏನೇನು ಬೇಕೋ ಪಟ್ಟಿ ತರಿಸಿಕೊಂಡು, ಎಲ್ಲ ಕೂಡಿಸಿ, ಆಮೇಲೆ ಪೆಟ್ಟಿಗೆ ಮಾಡಿಸಿ.

ತೊಳೆಯುವುದೇ ದೊಡ್ಡ ಕೆಲಸ

ಮಲೆನಾಡಿನ ಜೀಪಿನ ಭಾಗ ಅಂದರೆ ಕೆಮ್ಮಣ್ಣು ಇದ್ದೇ ಇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಮಣ್ಣು, ಬೀಜ, ಹುಳ ಕಂಡರೆ ಬಿಡುವುದಿಲ್ಲ. ಅಲ್ಲಿಯೇ ತಡೆದು, ಅಲ್ಲಿಯ ದರದಲ್ಲಿ ತೊಳೆಸುತ್ತಾರೆ, ಇಲ್ಲವೇ ವಾಪಸ್ ಕಳಿಸಿ ಅನ್ನುತ್ತಾರೆ.

ವಾಟರ್ ಸರ್ವಿಸ್ ಮಾಡಿಸಿದರೆ ಸಾಕು ಅಂದುಕೊಂಡಿದ್ದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಪ್ರೆಷರ್ ಹೊಡೆಸಿ ತಂದೆ. ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಬಾನೆಟ್ಟನ್ನು ಮಗುಚಿ, ಅಂಚಿನ ಮಡಿಕೆಯೊಳಗೆ ಟಾರ್ಚು ಬಿಟ್ಟೆ. ಬೆರಳು ಹೋಗದ ಸಂದಿ. ಅಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಸಾಲಾಗಿ ಮೂರು, ಪ್ರೆಷರ್ ನೀರಿಗೂ ಜಗ್ಗದೆ ಕೂತಿದ್ದವು. ಸ್ಕ್ರೂಡ್ರೈವರಿನಿಂದ ಮೀಟಿದರೆ ಒಳಗೆ ಒಣಗಿದ ಹಸಿರು ಹುಳ. ಪಕ್ಕದಲ್ಲೇ ಎರಡು ಭತ್ತದ ಕಾಳು, ಒಂದು ಚೂರು ಅಡಿಕೆ ಸಿಪ್ಪೆ. ಅದರಲ್ಲಿ ಯಾವುದೊಂದು ಸಿಕ್ಕಿದ್ದರೂ ಪೆಟ್ಟಿಗೆ ಅಲ್ಲೇ ನಿಲ್ಲುತ್ತಿತ್ತು. ಹಳೇ ಟೂತ್‌ಬ್ರಷ್, ಸೈಕಲ್ ಕಡ್ಡಿ, ಕಂಪ್ರೆಸರ್ ಗಾಳಿ, ಮತ್ತೆ ಟಾರ್ಚು. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ.

ಪೆಟ್ಟಿಗೆಯೊಳಗೆ ತುಂಬುವುದಕ್ಕೂ ಇದೇ ಮಾತು. ನಮಗೆ ತಟ್ಟನೆ ಕೈಗೆ ಸಿಗುವುದು ಹುಲ್ಲು, ಅಡಿಕೆ ಹಾಳೆ, ಹಣ್ಣಿನಂಗಡಿಯ ಸೇಬಿನ ರಟ್ಟು. ಮೂರೂ ಬೇಡ. ಫೋಮು, ಬಬಲ್ ಶೀಟು ಹಾಕಿ.

ಎಣ್ಣೆ ಮತ್ತು ಆಸ್ಬೆಸ್ಟಾಸ್

ಗೇರ್‌ಬಾಕ್ಸು, ಆಕ್ಸಲ್ಲು ಕಳಿಸುವುದಾದರೆ ಎಣ್ಣೆ ಪೂರ್ತಿ ಇಳಿಸಿ, ಒಂದು ರಾತ್ರಿ ಬೋರಲು ಹಾಕಿಡಿ. ಪೆಟ್ರೋಲ್ ಟ್ಯಾಂಕಿನಲ್ಲಿ ವಾಸನೆ ಉಳಿದರೂ ಅದು ಅಪಾಯಕಾರಿ ಸರಕಿನ ಲೆಕ್ಕಕ್ಕೆ ಹೋಗುತ್ತದೆ. ಆಸಿಡ್ ಬ್ಯಾಟರಿ, ಏರ್‌ಬ್ಯಾಗು, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರು ಮೊದಲೇ ಹೇಳದೆ ಪೆಟ್ಟಿಗೆಗೆ ಸೇರಿಸಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಆಸ್ಟ್ರೇಲಿಯಾ ಇದನ್ನು 2003ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಆಕ್ಸಲ್ ಕಳಿಸುವಾಗ ಬ್ರೇಕ್ ಶೂ ಬಿಚ್ಚಿಸಿ. ಗೇರ್‌ಬಾಕ್ಸಿನ ಗ್ಯಾಸ್ಕೆಟ್ಟನ್ನೂ ಕೆರೆಸಿ. ಆ ಧೂಳು ಎದೆಗೆ ಹೋಗಬಾರದು, ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ತೆಗೆಸಿ.

ಪೆಟ್ಟಿಗೆ: ನಾನು ಎಡವಿದ್ದು ಇಲ್ಲಿ

ಊರಿನ ಮಿಲ್ಲಿನಲ್ಲಿ ಅಕೇಶಿಯಾ ಹಲಗೆ ಸೀಳಿಸಿ ಭರ್ಜರಿ ಪೆಟ್ಟಿಗೆ ಮಾಡಿಸಿದೆ. ಆನೆ ನಿಂತರೂ ಮುರಿಯದಂಥದ್ದು. ಲಾರಿ ಪಾರ್ಸೆಲ್‌ನಲ್ಲಿ ಬೆಂಗಳೂರಿನ ಗೋದಾಮಿಗೆ ಹೋಯಿತು. ಅಲ್ಲಿಯ ಹುಡುಗ ಪೆಟ್ಟಿಗೆ ಸುತ್ತ ಒಂದು ಸುತ್ತು ಬಂದು ಫೋನ್ ಮಾಡಿದ. 'ಸೀಲ್ ಎಲ್ಲಿ ಸಾರ್?'

ಹಸಿ ಮರದಲ್ಲಿ ಹುಳ ದೇಶ ದಾಟುತ್ತದೆ ಅಂತ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮ ಇದೆ. ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿ 30 ನಿಮಿಷ ತಾಗಬೇಕು. ಹಾಗೆ ಮಾಡಿದ ಮಾನ್ಯತೆ ಪಡೆದವರು ಗೋಧಿ ತೆನೆಯ ಗುರುತಿನ ಮುದ್ರೆ ಒತ್ತುತ್ತಾರೆ. ನನ್ನ ಪೆಟ್ಟಿಗೆ ಒಡೆದು ಸೌದೆ ಆಯಿತು. ಹೊಸದು ಪ್ಲೈವುಡ್‌ನದು. ಪ್ಲೈವುಡ್ ತಯಾರಿಸುವಾಗಲೇ ಬಿಸಿಗೂ ಒತ್ತಡಕ್ಕೂ ಸಿಕ್ಕಿರುವುದರಿಂದ ಅದಕ್ಕೆ ಮುದ್ರೆ ಬೇಡ. ಆದರೆ ಕೆಳಗೆ ಫೋರ್ಕ್‌ಲಿಫ್ಟ್ ನುಗ್ಗಲು ಹೊಡೆಯುವ ಮರದ ಕಾಲುಗಳಿಗೆ ಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ತುಕ್ಕಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಣ್ಣ ಹೋದ ಕಡೆ ಪ್ರೈಮರ್, ಬೋಲ್ಟು ಕೂರುವ ಜಾಗಕ್ಕೆ ಗ್ರೀಸು, ಮೇಲೆ ತುಕ್ಕು ತಡೆಯುವ ವಿಸಿಐ ಕಾಗದ, ಸಂದಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಮುಖ್ಯವಾಗಿ, ಆಷಾಢದಲ್ಲಿ ಪೆಟ್ಟಿಗೆ ಮುಚ್ಚಬೇಡಿ. ನಮ್ಮ ಮಳೆಗಾಲದ ಗಾಳಿಯನ್ನು ಒಳಗೆ ಕೂಡಿಹಾಕಿದರೆ ಸಮುದ್ರದ ಮೇಲೆ ಹಗಲು ರಾತ್ರಿ ಅದೇ ಬೆವರಾಗಿ ತಗಡಿನ ಮೇಲೆ ಇಳಿಯುತ್ತದೆ. ಬಿಸಿಲು ಬಿದ್ದ ಒಂದು ಮಧ್ಯಾಹ್ನ ಕಾಯಿರಿ.

ಕಾಗದ ಪತ್ರ

ಸ್ವಂತ ಬಳಕೆಗೆ ನೆಂಟರಿಗೆ ಕಳಿಸುವುದಾದರೆ ಆಮದು-ರಫ್ತುದಾರರ ಸಂಖ್ಯೆ, ಅಂದರೆ ಐಇಸಿ, ಬೇಕಿಲ್ಲ. ಗುರುತಿನ ಚೀಟಿ ಸಾಕು. ಮಾರುವುದಾದರೆ ಐಇಸಿ ಬೇಕೇ ಬೇಕು. ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಮನೆಯಲ್ಲೇ ಕೂತು ಮಾಡಿಸಬಹುದು.

ಬಿಲ್ಲಿನಲ್ಲಿ ಸುಮ್ನೆ 'ಸ್ಪೇರ್ ಪಾರ್ಟ್ಸ್' ಅಂತ ಬರೆದರೆ ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚುತ್ತಾರೆ. 'ಹಳೆಯ ಜೀಪಿನ ಬಾನೆಟ್ಟು, ಉಕ್ಕಿನದು, ಬಳಸಿದ್ದು, 1' ಅಂತ ಬಿಡಿಸಿ ಬರೆಯಿರಿ. ಕಸ್ಟಮ್ಸ್‌ನವರು ಸರಕು ಗುರುತಿಸುವ ಎಚ್‌ಎಸ್ ಕೋಡ್‌ನಲ್ಲಿ ವಾಹನದ ಭಾಗಗಳು 8708ರಲ್ಲಿ ಬರುತ್ತವೆ. ಬಂಪರು 8708.10, ಗೇರ್‌ಬಾಕ್ಸು 8708.40. ಎಂಜಿನ್ನೇ ಬೇರೆ: ಪೆಟ್ರೋಲಿನದು 8407, ಡೀಸೆಲ್‌ದು 8408. ನಂಬರ್ ಕೊರೆದ ಎಂಜಿನ್ನಿಗೆ ಆರ್‌ಸಿ ಪ್ರತಿ, ಕೊಂಡ ಬಿಲ್ಲು ಜೊತೆಗಿರಲಿ. ಬೆಲೆ ಕಮ್ಮಿ ತೋರಿಸುವ ಬುದ್ಧಿವಂತಿಕೆ ಬೇಡ, ಪೆಟ್ಟಿಗೆ ಕಳೆದುಹೋದರೆ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಯಾವ ದಾರಿ?

ಶಿವಮೊಗ್ಗ ಪಕ್ಕದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ, ಆದರೆ ಅದು ದೇಶದೊಳಗಿನ ಹಾರಾಟಕ್ಕೆ. ನಕ್ಷೆ ನೋಡಿದರೆ ಮಂಗಳೂರು ಕಡೆಯ ಪಣಂಬೂರಿನ ಬಂದರು ಹತ್ತಿರ. ನಾನೂ ಮೊದಲು ಅದೇ ಸರಿ ಅಂದುಕೊಂಡೆ. ಆದರೆ ಆಗುಂಬೆಯ 14 ತಿರುವುಗಳಲ್ಲಿ ಭಾರಿ ಲಾರಿ ಬಿಡುವುದಿಲ್ಲ, ಹುಲಿಕಲ್ ಘಾಟಿಯನ್ನು ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಬಿಡಿ ಪೆಟ್ಟಿಗೆಗಳನ್ನು ಕೂಡಿಸಿ ಕಳಿಸುವವರು ಸಿಕ್ಕಿದ್ದು ಬೆಂಗಳೂರಿನಲ್ಲಿ. ಅಲ್ಲಿಂದ ಚೆನ್ನೈ ಬಂದರು. ಕೊಲಂಬೊದಲ್ಲೋ ಸಿಂಗಪುರದಲ್ಲೋ ಹಡಗು ಬದಲಾಗುವುದು ಮಾಮೂಲಿ.

ದರ ಕೇಳುವಾಗ ಒಂದು ಪ್ರಶ್ನೆ ಬಿಡಬೇಡಿ: 'ಆ ಕಡೆ ಇಳಿಸಿದ ಮೇಲೆ ಏನೇನು ಖರ್ಚು?' ಎಲ್‌ಸಿಎಲ್‌ನಲ್ಲಿ ಹಡಗಿನ ಬಾಡಿಗೆ ಅಗ್ಗ ಅನ್ನಿಸುತ್ತದೆ, ಬಂದರಿನ ಖರ್ಚು, ಗೋದಾಮಿನ ಖರ್ಚು, ಡೆಲಿವರಿ ಆರ್ಡರ್ ಅಂತ ಇಳಿದಲ್ಲಿ ಏರುತ್ತದೆ. ನಮ್ಮ ಭಾವಮೈದುನನಿಗೆ ಆ ಕಡೆಯ ಖರ್ಚೇ ಹಡಗಿನ ಬಾಡಿಗೆಗಿಂತ ಜಾಸ್ತಿ ಬಂತು. ಆಸ್ಟ್ರೇಲಿಯಾದಲ್ಲಿ ಸರಕಿನ ಬೆಲೆ 1000 ಆಸ್ಟ್ರೇಲಿಯನ್ ಡಾಲರ್ ದಾಟಿದರೆ ಆಮದು ಘೋಷಣೆ ಸಲ್ಲಿಸಿ, ಶೇ 10 ಜಿಎಸ್‌ಟಿಯನ್ನೂ ಕಟ್ಟಬೇಕು. ಎಲ್ಲ ಸೇರಿಸಿ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಕೊನೆಗೆ ಮುಚ್ಚಳಕ್ಕೆ ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ. ತಪಾಸಣೆಯವರು ಬಿಚ್ಚಿದರೆ ಮತ್ತೆ ಮುಚ್ಚಲು ಆಗಬೇಕಲ್ವಾ? ಆ ಸ್ಕ್ರೂಗೆ ಹೊಂದುವ ಸ್ಕ್ರೂಡ್ರೈವರ್ ಬಿಟ್ಟನ್ನು ಒಂದು ಪೊಟ್ಟಣದಲ್ಲಿ ಹಾಕಿ ಮುಚ್ಚಳದ ಮೇಲೇ ಟೇಪು ಹಚ್ಚಿದ್ದೆ. ಏಳನೇ ವಾರ ಮೆಲ್ಬರ್ನ್‌ನಿಂದ ಫೋಟೊ ಬಂತು. ಪೆಟ್ಟಿಗೆಯ ಸುತ್ತ ತಪಾಸಣೆಯವರ ಹೊಸ ಟೇಪು, ಹದಿನಾರೂ ಸ್ಕ್ರೂ ಜಾಗದಲ್ಲಿ, ಸ್ಕ್ರೂಡ್ರೈವರ್ ಬಿಟ್ಟೂ ಮತ್ತೆ ಅದೇ ಪೊಟ್ಟಣದಲ್ಲಿ.